ಕೊಡ ಹೊತ್ತು ನಿಂತವಳು

ಕಾರಂಜಿ ಸೋರುತ್ತಿದೆ, ಬಂದು ನೋಡು ಎಂದು ಸಾವುಕಾರ ಬಕ್ಕೇಶಪ್ಪನವರು ದಾವಣಗೆರೆಯಿಂದ ಹೇಳಿ ಕಳಿಸಿದಾಗ ಭರಮಣ್ಣನಿಗೆ ಸಿಟ್ಟು ಬಂತು. ಹರಿಹರದ ಸುತ್ತಲಿನ ಊರುಗಳಲ್ಲಿ ಗುಡಿಯ ಗೋಪುರಕ್ಕೆ ಗಾರೆಯ ಗೊಂಬೆ ಕೂರಿಸುವುದು ಅವನ ಮನೆತನದ ಕಸುಬು. ಮಳೆ ಬಿಸಿಲು ತಿಂದರೂ ಅವನ ಕೈಯ ಗೊಂಬೆ ಬಿರುಕು ಬಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ತಾನು ಕಟ್ಟಿ ವರ್ಷ ತುಂಬದ ತೊಟ್ಟಿ ಸೋರುತ್ತದೆ ಎಂಬ ಮಾತು ಸಂತೆಗೆ ಬಿದ್ದರೆ ನಾಳೆ ಕೆಲಸಕ್ಕೆ ಕರೆಯುವವರು ಕಡಿಮೆಯಾಗುತ್ತಾರೆ.

ಹರಿಹರದಿಂದ ಬೆಳಗಿನ ಬಸ್ಸು ಹಿಡಿದು ಅವನು ದಾವಣಗೆರೆಯ ಉದ್ಯಾನಕ್ಕೆ ಬಂದಾಗ ಬಿಸಿಲು ಏರುತ್ತಿತ್ತು. ಕಾರಂಜಿಗೆ ನೀರು ಬಿಡುವ ಬುಡನ್ ಸಾಬ್, ನಡುವೆ ಗೊಂಬೆ ನಿಂತಿದ್ದ ತೊಟ್ಟಿಯ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅಲ್ಲೇ ನೆರಳಿನಲ್ಲಿ ಹೂವು ಮಾರುವ ಹೊನ್ನಕ್ಕ ಮಾಲೆ ಕಟ್ಟುತ್ತಿದ್ದಳು.

“ಬಾರಪ್ಪ ಭರಮಣ್ಣ,” ಎಂದ ಬುಡನ್ ಸಾಬ್. “ನಿನ್ನ ಗೊಂಬಿಗೆ ಬಾಯಾರಿಕೆ ಜಾಸ್ತಿ. ದಿನಾ ಒಂದು ಕೊಡ ನೀರು ಕುಡೀತಾಳೆ.”

“ಒಂದೇ ಕೊಡ ಅಂತ ಹೆಂಗೆ ಗೊತ್ತಾತು?”

“ತೊಟ್ಟಿಗೆ ಗೆರೆ ಹಾಕೀನಿ, ನೋಡು. ನೀರು ಇಲ್ಲಿಗೆ ನಿಲ್ಲಬೇಕು. ಸಂಜಿ ನೀರು ಬಿಟ್ಟು ನಿಲ್ಲಿಸಿದ ಮೇಲೆ ನೋಡಿದ್ರೆ ಇಷ್ಟು ಇಳಿದಿರ್ತೈತೆ. ನಾನೇ ಕೊಡದಾಗ ತಂದು ಹಾಕಿ ನೋಡ್ದೆ. ಒಂದು ಕೊಡಕ್ಕೆ ಗೆರೆ ಮುಟ್ಟಿತು. ಹಗಲೆಲ್ಲ ಒಂದು ಹನಿ ಇಳಿಯಲ್ಲ. ಸೋರೋ ತೊಟ್ಟಿ ಹಗಲೂ ಸೋರಬೇಕಲ್ಲ? ಇದು ಸಂಜಿಗೆ ಮಾತ್ರ ಸೋರ್ತೈತೆ.”

“ಸಂಜಿ ಆದ್ರೆ ಕೆಲವು ಗಂಡಸ್ರೂ ಹಂಗೆ,” ಎಂದಳು ಹೊನ್ನಕ್ಕ ತಲೆ ಎತ್ತದೆ.

ಭರಮಣ್ಣ ನಗಲಿಲ್ಲ. ತೊಟ್ಟಿಯ ನೀರು ಖಾಲಿ ಮಾಡಿಸಿ ಒಳಗಿಳಿದು, ಕರಣೆಯ ಹಿಡಿಯಿಂದ ಒಂದೊಂದು ಗೇಣೂ ತಟ್ಟಿ ನೋಡಿದ. ಎಲ್ಲಿಯೂ ಟೊಳ್ಳು ಸದ್ದು ಬರಲಿಲ್ಲ. ಹೊರಗೆ ಬುಡದ ಮಣ್ಣು ಅಗೆದು ನೋಡಿದ. ಮಣ್ಣು ಪುಡಿಪುಡಿಯಾಗಿ ಒಣಗಿತ್ತು. ಅದರೊಳಗೆ ಇರುವೆಗಳು ಗೂಡು ಕಟ್ಟಿಕೊಂಡಿದ್ದವು. ಒದ್ದೆ ಮಣ್ಣಿನಲ್ಲಿ ಇರುವೆ ಗೂಡು ಕಟ್ಟುವುದಿಲ್ಲ. ತಪ್ಪು ತನ್ನದಲ್ಲವೆಂದು ಅವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತೊಟ್ಟಿಯನ್ನು ಮತ್ತೆ ಗೆರೆಯವರೆಗೆ ತುಂಬಿಸಿ, ಸಂಜೆಯವರೆಗೂ ಕಾದು ನೋಡಿಯೇ ಹೋಗೋಣ ಎಂದು ಕೂತ.

ಬಕ್ಕೇಶಪ್ಪನವರು ಹತ್ತಿಯ ವ್ಯಾಪಾರದಲ್ಲಿ ಬೆಳೆದವರು. ಒಮ್ಮೆ ಮೈಸೂರಿನ ಕಡೆ ಹೋದಾಗ ಕನ್ನಂಬಾಡಿ ಕಟ್ಟೆಯ ಕೆಳಗಿನ ಕಾರಂಜಿಗಳನ್ನು ನೋಡಿ ಬಂದಿದ್ದರು. ಊರಿಗೆ ಮರಳಿದ ಮೇಲೆ ನಮ್ಮಲ್ಲೂ ಒಂದು ಆಗಬೇಕು ಎಂದು ಹಟ ಹಿಡಿದರು. ಕುಡಿಯುವ ನೀರಿಗೆ ನಲ್ಲಿಯ ಮುಂದೆ ಹೆಂಗಸರು ಜುಟ್ಟು ಹಿಡಿದು ಜಗಳಾಡುವ ಊರಿನಲ್ಲಿ ಆಟಕ್ಕೆ ನೀರು ಹಾರಿಸುವುದೇ ಎಂದು ಕೆಲವರು ಕೇಳಿದರು. ಸಾವುಕಾರರು, “ಹತ್ತಿ ಧೂಳು ಕುಡಿದು ಮಿಲ್ಲಿನಿಂದ ಬರೋರು ಒಂದು ಗಳಿಗೆ ಕೂತು ತಂಪು ನೋಡ್ಲಿ. ಅದೇ ನೀರು ಆಮೇಲೆ ಗಿಡಕ್ಕೆ ಹೋಗ್ತೈತೆ,” ಎಂದು ಬಾಯಿ ಮುಚ್ಚಿಸಿದರು.

ನಡುವೆ ಯಾವ ಗೊಂಬೆ ನಿಲ್ಲಿಸಬೇಕು ಎಂಬ ಮಾತು ಬಂತು. ದೇವರದ್ದು ಬೇಡ, ಪೂಜೆಯಿಲ್ಲದೆ ಬಯಲಲ್ಲಿ ನಿಲ್ಲಿಸಿದರೆ ಊರಿಗೆ ಒಳ್ಳೆಯದಲ್ಲ ಎಂದು ಹಿರಿಯರು ಹೇಳಿದರು. ಹಾಗಾಗಿ ತಲೆಯ ಮೇಲೆ ಕೊಡ ಹೊತ್ತ ಹೆಣ್ಣುಮಗಳು ಎಂದಾಯಿತು. ಕೊಳವೆ ಗೊಂಬೆಯ ಒಳಗಿನಿಂದ ಹತ್ತಿ ಕೊಡದ ತಳಕ್ಕೆ ಸೇರಬೇಕು. ಕೊಡ ತುಂಬಿ ಕಂಠದ ಸುತ್ತಲೂ ನೀರು ಉಕ್ಕಿ ಸೆರಗಿನಂತೆ ಕೆಳಗೆ ಇಳಿಯಬೇಕು.

ಇಲ್ಲಿ ಭರಮಣ್ಣನಿಗೆ ಎರಡು ಕಷ್ಟ ಎದುರಾದವು. ದೇವಿಯ ಮುಖಕ್ಕೆ ಅಪ್ಪ ಕಲಿಸಿದ ಅಳತೆಗಳಿದ್ದವು. ನೀರು ತರುವ ಹುಡುಗಿಯ ಮುಖಕ್ಕೆ ಯಾರೂ ಅಳತೆ ಹೇಳಿಕೊಟ್ಟಿರಲಿಲ್ಲ. ಕೈ ತನಗೆ ಗೊತ್ತಿದ್ದ ಒಂದು ಮುಖವನ್ನು ಮಾಡಿತು. ಇನ್ನೊಂದು, ಸಿಮೆಂಟಿನ ಕೊಡ ಕೊಳವೆ ಸೇರುವ ಜಾಗದಲ್ಲಿ ಮತ್ತೆ ಮತ್ತೆ ಬಿರುಕು ಬಿಟ್ಟಿತು. ಲೋಹದ ಕೊಡವೇ ಆಗಬೇಕಿತ್ತು. ಅವನ ಮನೆಯ ಅಟ್ಟದ ಮೇಲೆ ಒಂದು ತಾಮ್ರದ ಕೊಡವಿತ್ತು.

ಅದು ಅವನ ತಂಗಿ ಕೊಟ್ರವ್ವನದು, ಕೈ ಮಾಡಿದ ಮುಖವೂ ಅವಳದೇ. ಹೊಳೆ ಕೆಂಪಾಗಿ ಏರಿದ್ದ ದಿನ ನೀರಿಗೆಂದು ಹೋದವಳು ಹಿಂದಿರುಗಿರಲಿಲ್ಲ. ಹೆಣ ಸಿಗಲಿಲ್ಲ. ಕೆಳಗಿನ ಜೊಂಡಿನಲ್ಲಿ ಸಿಕ್ಕಿಕೊಂಡಿದ್ದ ಕೊಡವನ್ನು ಅಂಬಿಗರು ತಂದುಕೊಟ್ಟರು. ಇಂಥ ಕೊಡ ಮನೆಯಲ್ಲಿ ಇಡಬಾರದು, ಹೊಳೆಗೇ ಬಿಡಬೇಕು ಎಂದು ಓಣಿಯವರೆಲ್ಲ ಹೇಳಿದರೂ ತಾಯಿ ಚೌಡವ್ವ ಕೇಳಲಿಲ್ಲ. ನೀರಿಗೆ ಹೋದವಳು ಬರುತ್ತಾಳೆ, ಬಂದಾಗ ಕೊಡ ಕೇಳುತ್ತಾಳೆ ಎಂದಳು. ಮಗಳ ತಿಥಿಯನ್ನೂ ಮಾಡಗೊಡಲಿಲ್ಲ. ಅವ್ವನ ಕಣ್ಣ ಮುಂದಿನಿಂದ ಕೊಡ ದೂರವಾದರೆ ಸಾಕು ಎಂದು ಭರಮಣ್ಣ ಯೋಚಿಸಿದ. ಒಳ್ಳೆಯ ತಾಮ್ರ, ಹೊಳೆಗೆ ಎಸೆಯಲು ಮನಸ್ಸು ಬರಲಿಲ್ಲ. ಅವಳಿಲ್ಲದ ಹೊತ್ತಿನಲ್ಲಿ ಇಳಿಸಿಕೊಂಡು ಹೋಗಿ, ತಳಕ್ಕೆ ತೂತು ಕೊರೆದು, ಗೊಂಬೆಯ ತಲೆಯ ಮೇಲೆ ಕೂರಿಸಿ ಸೀಸ ಕರಗಿಸಿ ಹೊಯ್ದ. ಹೊಳೆಗೆ ಸೇರಬೇಕಾದ್ದನ್ನು ಹೊಳೆಯ ನೀರಿನ ಕೊಳವೆಗೆ ಕಟ್ಟಿದ್ದೇನೆ ಎಂಬುದು ಆಗ ಅವನಿಗೆ ಹೊಳೆಯಲಿಲ್ಲ. ದಾವಣಗೆರೆಗೆ ನೀರು ಬರುವುದು ಹರಿಹರದ ಹೊಳೆಯಿಂದಲೇ.

ಸಂಜೆ ಮಿಲ್ಲು ಕೂಗಿತು. ಜನ ಒಬ್ಬೊಬ್ಬರಾಗಿ ಬಂದು ಕಾರಂಜಿಯ ಸುತ್ತ ಸೇರಿದರು. ಹತ್ತಿಯ ನಾರು ತಲೆಗೆ ಅಂಟಿದ ಮಿಲ್ಲಿನವರು, ಮಂಡಕ್ಕಿ ಪೊಟ್ಟಣ ಹಿಡಿದ ಹೊಸ ಮದುವೆಯ ಜೋಡಿಗಳು, ಮೊಮ್ಮಕ್ಕಳನ್ನು ಕರೆತಂದ ಮುದುಕಿಯರು. ನೀರು ಬರುವ ಮುಂಚೆ ಯಾರೂ ಗೊಂಬೆಯ ಎದುರಿಗೆ ನಿಲ್ಲುತ್ತಿರಲಿಲ್ಲ. ಖಾಲಿ ಕೊಡದ ಹೆಂಗಸು ಎದುರು ಬಂದಂತೆ ಆಗುತ್ತದೆ ಎಂದು ಅವರ ಲೆಕ್ಕ. ಹೆಣ್ಣು ನೋಡಲು ಹೋಗುವವರು, ಕೋರ್ಟಿಗೆ ಹೋಗುವವರು ಹಗಲು ಹೊತ್ತಿನಲ್ಲಿ ಉದ್ಯಾನದ ರಸ್ತೆಯನ್ನೇ ಬಿಟ್ಟಿದ್ದರು. ಬುಡನ್ ಸಾಬ್ ವಾಲ್ವ್ ತಿರುಗಿಸಿದ. ಗೊಂಬೆಯ ಒಳಗೆ ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದಾಗಿ, ಕೊಡದ ಕಂಠದಲ್ಲಿ ನೀರು ಮಿನುಗಿ, ಸುತ್ತಲೂ ತೆಳ್ಳಗೆ ಇಳಿಯಿತು. ಜನ ಈಗ ಹತ್ತಿರ ಬಂದರು. ನಲ್ಲಿಯ ಮುಂದೆ ಅರ್ಧ ಕೊಡಕ್ಕೆ ಬೈಸಿಕೊಂಡು ಬಂದ ಹೆಂಗಸರು, ಉಕ್ಕಿ ಹರಿದರೂ ಮುಗಿಯದ ಆ ಕೊಡವನ್ನು ನೋಡುತ್ತ ನಿಂತರು. ಒಬ್ಬಿಬ್ಬರು ಕೈ ಮುಗಿದರು.

“ದೇವ್ರಲ್ಲ ಅಂತ ಹೇಳಿದ್ರೂ ಕೇಳಲ್ಲ ಇವರು,” ಎಂದರು ಬಕ್ಕೇಶಪ್ಪನವರು, ಭರಮಣ್ಣನ ಪಕ್ಕಕ್ಕೆ ಬಂದು. “ಸೋರೋದು ಎಲ್ಲಿ, ಗೊತ್ತಾತಾ?”

“ಸೋರ್ತಾ ಇಲ್ಲ ಸಾವ್ಕಾರ್ರೆ.”

“ಮತ್ತೆ ನೀರು ಎಲ್ಲಿಗೆ ಹೋಗ್ತೈತೆ?”

ಭರಮಣ್ಣ ಕಾರಂಜಿಯ ಕಡೆ ನೋಡಿದ. ನೀರಿನ ಪರದೆಯ ಹಿಂದೆ ಗೊಂಬೆಯ ಮುಖ ಅಲುಗುತ್ತಿತ್ತು. ನೀರು ಹರಿಯುವುದರಿಂದ ಹಾಗೆ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಹಗಲಿನಲ್ಲಿ ಬೀದಿಯ ಕಡೆಗಿದ್ದ ಕಣ್ಣುಗಳು ಈಗ ಬೀದಿಯನ್ನು ನೋಡುತ್ತಿರಲಿಲ್ಲ. ಎಲ್ಲಿಯೋ ಇನ್ನೊಂದು ಕಡೆ, ಯಾರದೋ ಮನೆಯೊಳಕ್ಕೆ ಇಣುಕಿದಂತೆ ಇದ್ದವು. ತೊಟ್ಟಿಯ ನೀರು ಬುಡನ್ ಸಾಬನ ಗೆರೆಯಿಂದ ಮೆಲ್ಲಗೆ ಕೆಳಗಿಳಿಯಿತು. ಸುತ್ತಲಿನ ನೆಲ ಒಣಗಿಯೇ ಇತ್ತು.

ಅವನು ಹರಿಹರದ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು ಆಗಲೇ ಮೀರಿತ್ತು. ಚೌಡವ್ವ ಹೊಸ್ತಿಲ ಒಳಗೆ ಬುಡ್ಡಿ ದೀಪ ಇಟ್ಟುಕೊಂಡು ಕೂತಿದ್ದಳು. ಹೊಸ್ತಿಲ ಹೊರಗಿನ ಕಲ್ಲು ಒದ್ದೆಯಾಗಿತ್ತು. ಕೆಲವು ತಿಂಗಳಿಂದ ಕೆಲಸ ಮುಗಿಸಿ ಬಂದಾಗಲೆಲ್ಲ ಭರಮಣ್ಣ ಇದನ್ನು ನೋಡಿದ್ದ. ಅವ್ವ ಬಾಗಿಲಿಗೆ ನೀರು ಹಾಕಿದ್ದಾಳೆ ಅಂದುಕೊಂಡು ದಾಟಿಹೋಗುತ್ತಿದ್ದ. ಇವತ್ತು ನಿಂತು ನೋಡಿದ. ಬಾಗಿಲಿಗೆ ನೀರು ಹಾಕಿದರೆ ಅಂಗಳವೆಲ್ಲ ನೆನೆಯುತ್ತದೆ. ಇಲ್ಲಿ ನೆನೆದದ್ದು ಒಬ್ಬರು ನಿಲ್ಲುವಷ್ಟು ಜಾಗ. ಓಣಿಯ ಧೂಳಿನಲ್ಲಿ ಒದ್ದೆ ಹೆಜ್ಜೆಗಳು ಬಂದಿದ್ದವು. ಹಿಂದಕ್ಕೆ ಹೋದದ್ದು ಒಂದೂ ಇರಲಿಲ್ಲ. ಒಳಗೆ ಬಂದದ್ದೂ ಇರಲಿಲ್ಲ.

“ಅವ್ವ, ಉಂಡ್ಯಾ?”

“ನೀ ಉಣ್ಣು.”

ಅವಳ ತೋಳು ಕಡ್ಡಿಯಾಗಿರುವುದು ದೀಪದ ಬೆಳಕಿನಲ್ಲಿ ಕಂಡಿತು. ಸಂಜೆಯ ಊಟ ಬಿಟ್ಟು ಬಹಳ ಕಾಲವಾಗಿತ್ತು. ಈಚೆಗೆ ಬೆಳಗಿನದನ್ನೂ ಅರ್ಧಕ್ಕೆ ಸರಿಸುತ್ತಿದ್ದಳು. ವಯಸ್ಸಾಯಿತು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

“ಹಿಂಗೇ ಆದ್ರೆ ನೀನು ಉಳಿಯಲ್ಲ ಅವ್ವ. ಏನಾಗೈತೆ ಹೇಳು.”

“ನಿನ್ನ ತಂಗಿ ಬಾಗಿಲಾಗ ನಿಂತಿರ್ತಾಳೆ. ಅವಳನ್ನ ಹೊರಗೆ ನಿಲ್ಲಿಸಿ ನಾ ಹೆಂಗೆ ಉಣ್ಣಲಿ?”

ಅವಳು ಅದನ್ನು ನೆರೆಮನೆಯ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಅಟ್ಟದ ಮೇಲಿನ ಕೊಡ ಕಾಣೆಯಾದ ದಿನವೇ ಅವಳಿಗೆ ಗೊತ್ತಾಗಿತ್ತಂತೆ. ಕೊಟ್ರವ್ವ ಬಂದು ತನ್ನ ಕೊಡ ತಗೊಂಡು ಮತ್ತೆ ನೀರಿಗೆ ಹೋಗಿದ್ದಾಳೆ, ಇನ್ನು ಬಂದೇ ಬರುತ್ತಾಳೆ ಎಂದು ಕಾದಳಂತೆ. ಬಂದಳು ಕೂಡ. ದಿನಾ ಸಂಜೆ ಬರುತ್ತಾಳೆ, ಸೀರೆಯಿಂದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತದೆ. ಎಷ್ಟು ಕರೆದರೂ ಒಳಗೆ ಬರುವುದಿಲ್ಲ. ಕಾಲಿಗೆ ನೀರು ಕೊಟ್ಟಿದ್ದಾಯಿತು, ಆರತಿ ಎತ್ತಿದ್ದಾಯಿತು, ಅರಿಶಿನ ಹಚ್ಚಿದ್ದಾಯಿತು.

“ಯಾಕ ಒಳಗ ಬರಲ್ಲ ಅಂತ ತಿಳಿಯವಲ್ದು,” ಎಂದಳು ಚೌಡವ್ವ. “ನನ್ನ ಮ್ಯಾಲೆ ಸಿಟ್ಟೇನೋ. ಅವಳೇ ಬರಲ್ಲ ಅಂದ್ರೆ ನಾನೇ ಹೊಳಿ ಕಡೆ ಹೋಗಿ ಕೈ ಹಿಡ್ಕಂಡು ಬರ್ತೀನಿ.”

ಭರಮಣ್ಣ ಅಂದು ಬಾಗಿಲಿಗೆ ಅಡ್ಡವಾಗಿ ಹಾಸಿಕೊಂಡು ಮಲಗಿದ. ಕೊಡ ತೆಗೆದದ್ದು ತಾನು ಎಂದು ಹೇಳಿ, ಆ ಗೊಂಬೆಯನ್ನೇ ಅವಳಿಗೆ ತೋರಿಸಬೇಕು, ಅದು ಕಂಬಿ ಮತ್ತು ಸಿಮೆಂಟು ಅಂತ ಮುಟ್ಟಿ ನೋಡಿದರೆ ಅವಳ ಭ್ರಮೆ ಬಿಡುತ್ತದೆ ಎಂದು ನಿರ್ಧಾರ ಮಾಡಿದ. ಒದ್ದೆ ಕಲ್ಲಿನ ಸಂಗತಿ ಆಮೇಲೆ ನೋಡಿದರಾಯಿತು. ಮೊದಲು ಅವ್ವ ಬದುಕಬೇಕು.

ಮರುದಿನ ಇಳಿಹೊತ್ತಿನ ಬಸ್ಸಿಗೆ ಕರೆದುಕೊಂಡು ಹೊರಟ. ಅವರು ಉದ್ಯಾನ ಸೇರುವ ಹೊತ್ತಿಗೆ ಮಿಲ್ಲು ಕೂಗಿ ನೀರು ಬಿಟ್ಟಾಗಿತ್ತು. ಜನ ನೆರೆದಿದ್ದರು. ಬಕ್ಕೇಶಪ್ಪನವರು ತಮ್ಮ ಬೆಂಚಿನ ಮೇಲೆ ಕೂತಿದ್ದರು.

“ಇದನ್ನ ನಾನೇ ಮಾಡಿದ್ದು ಅವ್ವ,” ಎಂದ ಭರಮಣ್ಣ. “ಒಳಗೆ ಕಬ್ಬಿಣದ ಕಂಬಿ ಕಟ್ಟೀನಿ. ಮ್ಯಾಲೆ ಸಿಮೆಂಟು. ಕೊಡ ಅಟ್ಟದಿಂದ ನಾನು ತಂದೆ. ಯಾರೂ ಬಂದು ಒಯ್ದಿಲ್ಲ.”

ಚೌಡವ್ವ ಕಾರಂಜಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಮುಖದ ಎದುರಿಗೆ ನಿಂತಳು. ಅವಳು ಅಳುತ್ತಾಳೆ ಎಂದು ಅವನು ಕಾದ. ಅವಳು ತಿರುಗಿ ಅವನನ್ನೇ ದುರುಗುಟ್ಟಿ ನೋಡಿದಳು.

“ಹೊರಿಸಿದೋನು ನೀನೇನು?”

“ಹೂಂ.”

“ಹೊರಿಸೋ ಮುಂದ ಇಳಿಸ್ಕೊಳ್ಳೋರು ಯಾರು ಅಂತ ಯೋಚನೆ ಮಾಡ್ಲಿಲ್ಲಾ?”

ಮನೆಯ ಹೊಸ್ತಿಲು ಅವನ ಕಣ್ಣ ಮುಂದೆ ಬಂತು. ಅವರ ಮನೆಯ ಬಾಗಿಲು ಗಿಡ್ಡ. ತುಂಬಿದ ಕೊಡ ತಲೆಯ ಮೇಲಿದ್ದರೆ ಯಾರೂ ದಾಟುವಂತಿಲ್ಲ. ಹೊಳೆಯಿಂದ ಬಂದವಳು ಹೊಸ್ತಿಲ ಹೊರಗೆ ನಿಲ್ಲಬೇಕು, ಒಳಗಿದ್ದವರು ಬಂದು ಕೊಡ ಇಳಿಸಿಕೊಳ್ಳಬೇಕು. ಓಣಿಯ ಎಲ್ಲ ಮನೆಗಳಲ್ಲೂ ಹಾಗೇ. ಚೌಡವ್ವ ಇಷ್ಟು ದಿನ ಮಗಳ ಕಾಲು ತೊಳೆಯಲು ಹೋಗಿದ್ದಳೇ ಹೊರತು ತಲೆಯ ಕಡೆ ಕೈ ಎತ್ತಿರಲಿಲ್ಲ.

ಅವಳು ಸೀರೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿದಳು.

“ಏ ಅಮ್ಮ, ಇಳೀಬ್ಯಾಡ್ರಿ, ಪಾಚಿ ಐತೆ, ಜಾರ್ತೈತೆ,” ಎಂದು ಬಕ್ಕೇಶಪ್ಪನವರು ಎದ್ದು ಬಂದರು. “ಯಾರಪ್ಪ ಈಕಿ?”

“ನಮ್ಮವ್ವ ಸಾವ್ಕಾರ್ರೆ. ಬಿಡ್ರಿ.”

“ಮುಪ್ಪಿನಾಕಿಗೆ ತಂಪು ಬೇಕನ್ನಿಸ್ತೈತೆ, ಬಿಡ್ರಿ ಅತ್ಲಾಗ,” ಎಂದಳು ಹೊನ್ನಕ್ಕ. ಯಾರೋ ನಕ್ಕರು.

ಚೌಡವ್ವ ನೀರಿನ ಪರದೆಯೊಳಗೆ ಹೋದಳು. ಹೊರಗಿದ್ದವರಿಗೆ ಎರಡು ನೆರಳು ಮಾತ್ರ ಕಂಡವು, ಒಂದು ಎತ್ತರ, ಒಂದು ಕುಳ್ಳು. ಪೀಠದ ಮೇಲಿನ ಗೊಂಬೆಯ ತಲೆ ಅವಳ ಕೈಗೆ ಎಟುಕುವುದಿಲ್ಲ ಎಂದು ಅದನ್ನು ಕಟ್ಟಿದ ಭರಮಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಒಳಗಿನಿಂದ ಮಾತು ಕೇಳಿಸಿತು.

“ಎಷ್ಟೊತ್ತಾತೆ ಬಂದು. ಕೂಗಬಾರ್ದೇನು? ಕುತ್ತಿಗಿ ಏನಾಗಬೇಕು. ಒಂದೀಟು ಬಗ್ಗು.”

ಎರಡು ನೆರಳೂ ಒಂದೇ ಎತ್ತರಕ್ಕೆ ಬಂದವು. ಕುಳ್ಳಿದ್ದದ್ದು ತುದಿಗಾಲಲ್ಲಿ ನಿಂತಿತೋ, ಎತ್ತರದ್ದು ಬಗ್ಗಿತೋ, ಅಲ್ಲಿದ್ದವರು ಆಮೇಲೆ ಬಹಳ ದಿನ ವಾದ ಮಾಡಿದರು. ಸೀಸ ಒಡೆದ ಸದ್ದು ಬರಲಿಲ್ಲ. ತಲೆಯಿಂದ ಭಾರ ಇಳಿಸಿದಾಗ ಹೆಂಗಸರು ಬಿಡುವ ಒಂದು ಉಸಿರು ಕೇಳಿಸಿತು. ಅದು ಮುದುಕಿಯ ಉಸಿರಾಗಿರಲಿಲ್ಲ.

ಚೌಡವ್ವ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಹೊರಗೆ ಬಂದಳು. ಕೊಡ ಕಂಠದವರೆಗೆ ತುಂಬಿತ್ತು. ಕೈ ಕೊಟ್ಟು ಮೇಲಕ್ಕೆ ಹತ್ತಿಸುವಾಗ ಭರಮಣ್ಣ ತಳಕ್ಕೆ ಬೆರಳು ಹಾಕಿ ನೋಡಿದ. ತಾನು ಕೊರೆದ ತೂತು ಅಲ್ಲೇ ಇತ್ತು, ಅದರ ಅಂಚು ಬೆರಳಿಗೆ ಚುಚ್ಚಿತು. ಒಂದು ಹನಿ ನೀರು ಇಳಿಯುತ್ತಿರಲಿಲ್ಲ. ಅವನು ಬೆರಳು ಹಿಂದಕ್ಕೆ ತೆಗೆದ.

ಕೊಡವಿಲ್ಲದ ಕೊಳವೆಯಿಂದ ನೀರು ಗೊಂಬೆಯ ತಲೆಯ ಮೇಲೆ ಎತ್ತರಕ್ಕೆ ಚಿಮ್ಮಿತು. ಮಕ್ಕಳು ಕೇಕೆ ಹಾಕಿದರು.

“ಈಗ ನೋಡ್ರಿ, ಪಾಪ, ತಲಿ ಹಗುರಾತು,” ಎಂದಳು ಹೊನ್ನಕ್ಕ.

ಭರಮಣ್ಣ ಗೊಂಬೆಯ ಮುಖ ನೋಡಿದ. ಮೂಗು ಬಾಯಿ ಎಲ್ಲ ಅವನು ಮಾಡಿದ ಹಾಗೇ ಇದ್ದವು. ಆದರೆ ಅದು ಈಗ ಯಾರ ಮುಖವೂ ಆಗಿರಲಿಲ್ಲ. ಬಕ್ಕೇಶಪ್ಪನವರು ಮುಖವನ್ನೂ ನೋಡಿದರು, ಮುದುಕಿಯ ಕೊಡವನ್ನೂ ನೋಡಿದರು. ವ್ಯಾಪಾರದಲ್ಲಿ ತಲೆ ಬೆಳ್ಳಗಾದವರು, ಏನನ್ನು ಕೇಳಬಾರದು ಎಂದು ಬಲ್ಲವರು.

“ಬುಡನ್ ಸಾಬ್, ಬಸ್ ಸ್ಟ್ಯಾಂಡಿಗೆ ಒಂದು ಜಟಕಾ ಕರಿ,” ಎಂದರು. “ಹೊತ್ತಾಗೋದ್ರಾಗ ಇವರು ಮನಿ ಸೇರ್ಲಿ.”

ಬಸ್ಸಿನಲ್ಲಿ ಕಂಡಕ್ಟರ್ ತಕರಾರು ತೆಗೆದ.

“ತುಂಬಿದ ಕೊಡ ಹತ್ತಿಸಂಗಿಲ್ಲಮ್ಮ. ಮಂದಿ ಮೈಮ್ಯಾಲೆ ಚೆಲ್ತೈತೆ.”

“ಒಂದು ಹನಿ ಚೆಲ್ಲಿದ್ರೆ ನನ್ನ ಇಳಿಸಪ್ಪ.”

“ಅಷ್ಟಕ್ಕೂ ಹೊಳಿ ದಂಡಿಗೆ ಇರೋ ಹರಿಹರಕ್ಕೆ ಇಲ್ಲಿಂದ ನೀರು ಒಯ್ತೀರಲ್ಲ, ಏನು ವಿಚಿತ್ರ?”

“ನನ್ನ ಮಗಳು ತಂದಿದ್ದು,” ಎಂದಳು ಚೌಡವ್ವ. ಕಂಡಕ್ಟರ್ ಟಿಕೆಟ್ ಹರಿದುಕೊಟ್ಟು ಮುಂದೆ ಸರಿದ. ಅವಳ ಪಕ್ಕದ ಜಾಗ ಖಾಲಿ ಇತ್ತು. ನಿಂತಿದ್ದವರಲ್ಲಿ ಯಾರೂ ಅಲ್ಲಿ ಕೂರಲು ಬರಲಿಲ್ಲ. ಒಬ್ಬ ಕೂರಲು ಹೋದವನು ಹಲಗೆಯನ್ನು ಮುಟ್ಟಿ ನೋಡಿ, ಕೈ ಪಂಚೆಗೆ ಒರೆಸಿಕೊಂಡು ಹಿಂದೆ ಸರಿದ.

ಮನೆಯ ಬಾಗಿಲಲ್ಲಿ ಚೌಡವ್ವ ಕೊಡವನ್ನು ಮಗನ ಕೈಗೆ ಕೊಡಲಿಲ್ಲ. ಸೊಂಟದ ಮೇಲೆಯೇ ಇಟ್ಟುಕೊಂಡು ತಲೆ ತಗ್ಗಿಸಿ ಹೊಸ್ತಿಲು ದಾಟಿದಳು. ದಾಟಿದ ಮೇಲೆ ಹಿಂದಕ್ಕೆ ತಿರುಗಿ, ಯಾರೋ ಬರಲು ದಾರಿ ಬಿಟ್ಟಂತೆ ಪಕ್ಕಕ್ಕೆ ಸರಿದು ನಿಂತಳು. ಭರಮಣ್ಣ ಹೊರಗೇ ನಿಂತಿದ್ದ. ಅವನ ಮುಂದಿನಿಂದ ಹೊಳೆಯ ಮರಳಿನ ವಾಸನೆಯ ತಣ್ಣನೆ ಗಾಳಿ ಒಳಗೆ ಹೋಯಿತು.

ಅವಳು ಕೊಡದ ನೀರನ್ನು ಹಂಡೆಗೆ ಸುರಿದಳು. ಸುರಿದು ಮುಗಿದ ಮೇಲೆ ದೀಪದ ಬೆಳಕು ಕೊಡದ ತಳದ ತೂತಿನಿಂದ ನೆಲದ ಮೇಲೆ ಬಿತ್ತು. ಅದೇ ನೀರಿನಲ್ಲಿ ಒಲೆಯ ಮೇಲೆ ಎಸರು ಇಟ್ಟಳು. ಮುದ್ದೆ ತಿರುವುವಾಗ ಅವಳ ಕೈಗೆ ಹಳೆಯ ಬಲ ಬಂದಿತ್ತು. ಯಾವುದೋ ಸಣ್ಣ ವಿಷಯಕ್ಕೆ, ಉಪ್ಪಿನ ಗಡಿಗೆಯನ್ನು ಜಾಗದಲ್ಲಿ ಇಟ್ಟಿಲ್ಲವೆಂದು, ಮಗನನ್ನು ಬೈದಳು. ಅವನಿಗೆ ಬೈಸಿಕೊಂಡದ್ದು ಹಿತವಾಯಿತು.

ಅವಳು ಊಟಕ್ಕೆ ಮೂರು ಗಂಗಾಳ ಇಟ್ಟಳು, ಮೂರನೆಯದು ಭರಮಣ್ಣನ ಎಡಗಡೆ. ಭರಮಣ್ಣ ತನ್ನ ಗಂಗಾಳದ ಮುಂದೆ ಕೂತು ಅದನ್ನೇ ನೋಡುತ್ತಿದ್ದ. ಎಡಗಡೆ ನೋಡಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಆದರೂ ನೋಡಲಿಲ್ಲ. ಅವ್ವ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗೆ ಇಟ್ಟಳು. ಎಷ್ಟೋ ತಿಂಗಳ ಮೇಲೆ ಅವಳು ಉಣ್ಣುವ ಸದ್ದು ಮನೆಯಲ್ಲಿ ಕೇಳಿಸಿತು. ಅವನು ತಂಗಿಯ ವಿಚಾರವನ್ನಾಗಲಿ, ತಿಥಿಯ ವಿಚಾರವನ್ನಾಗಲಿ ಎತ್ತಲಿಲ್ಲ. ಅವ್ವ ಉಣ್ಣುತ್ತಿದ್ದಾಳೆ, ಇಷ್ಟು ಸಾಕು ಎಂದು ತಾನೂ ತುತ್ತು ಮುರಿದ.

“ಇನ್ನೊಂದೀಟು ಹಾಕ್ಲಾ?” ಎಂದು ಚೌಡವ್ವ ಸೌಟು ಎತ್ತಿ ಕೇಳಿದಳು.

ಅವನು ಬಾಯಿ ತೆರೆಯುವಷ್ಟರಲ್ಲಿ, ಅವನ ಎಡಗಡೆಯ ಗಂಗಾಳಕ್ಕೆ ಸಾರು ಬಿದ್ದ ಸದ್ದಾಯಿತು.